ಬಟ್ಟೆ ಒಗೆದವರಿಗೆ ಗೊತ್ತಿದ್ದ ಮಾತು

ವಿಶಾಲಮ್ಮ ನನ್ನ ಸೋದರಮಾವನ ಹೆಂಡತಿ. ಹಾರನಹಳ್ಳಿಯಲ್ಲಿ ಹುಟ್ಟಿ, ಹತ್ತೊಂಬತ್ತನೇ ವಯಸ್ಸಿಗೆ ಅರಸೀಕೆರೆಯ ಕೊಬ್ಬರಿ ಮಂಡಿಯವರ ಮನೆಗೆ ಸೊಸೆಯಾಗಿ ಬಂದವರು. ಆ ಮನೆತನದ ರಕ್ತ ಅವರ ಮೈಯಲ್ಲಿ ಒಂದು ಹನಿಯೂ ಇಲ್ಲ. ಆದರೆ ಆ ಮನೆಯಲ್ಲಿ ಯಾರಿಗೆ ಏನು ಕಾಯಿಲೆ ಬಂತು, ಯಾರು ಎಷ್ಟು ತಿಂಗಳು ನರಳಿ ಹೋದರು ಅನ್ನುವುದನ್ನು ಅವರಷ್ಟು ತಿಳಿದವರು ಬೇರೆ ಯಾರೂ ಇರಲಿಲ್ಲ. ನಾನು ಇವತ್ತು ಮಗಳನ್ನು ಸ್ಕೂಲಿಗೆ ಬಿಟ್ಟು ಬಂದು, ನೆಮ್ಮದಿಯಾಗಿ ಇದನ್ನು ಬರೆಯುತ್ತ ಕೂತಿದ್ದೇನೆ ಅಂದರೆ ಅದಕ್ಕೆ ಅವರ ಆ ತಿಳಿವಳಿಕೆಯೇ ಕಾರಣ.

ನನ್ನ ಅಮ್ಮ ಗಿರಿಜ ಆ ಮನೆಯ ಮಗಳು. ಮಾದಿಹಳ್ಳಿಗೆ ಕೊಟ್ಟಿದ್ದರು. ಮದುವೆಯಾಗಿ ಏಳು ವರ್ಷಕ್ಕೆ ನಾನು ಹುಟ್ಟಿದೆ, ನನ್ನ ಬೆನ್ನಿಗೆ ಇನ್ನಾರೂ ಹುಟ್ಟಲಿಲ್ಲ. ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿದ ಮಾರನೆಯ ದಿನವೇ ಅಮ್ಮ ನನ್ನ ಕೈ ಹಿಡಿದುಕೊಂಡು ಅರಸೀಕೆರೆ ಬಸ್ಸು ಹತ್ತುತ್ತಿದ್ದಳು. ಬಸ್ಸು ಊರು ದಾಟಿದ್ದೇ ತಡ ಅವಳ ಮುಖವೇ ಬೇರೆಯಾಗುತ್ತಿತ್ತು. ತಲೆಯ ಮೇಲಿನ ಸೆರಗು ಜಾರಿದರೂ ಎಳೆದುಕೊಳ್ಳುತ್ತಿರಲಿಲ್ಲ.

ಅರಸೀಕೆರೆಯ ಮನೆಯ ಮುಂಭಾಗದಲ್ಲಿ ಮಂಡಿ, ಹಿಂದೆ ವಾಸ. ಮೇಲೆ ಅಟ್ಟದ ತುಂಬ ಒಣಗಲು ಹಾಕಿದ ತೆಂಗಿನಕಾಯಿ. ವರ್ಷ ಕಳೆದ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಗಡಗಡ ಅನ್ನುತ್ತಿತ್ತು. ಹಾಗೆ ಅಂದರೆ ಒಡೆಯಲು ಆಯಿತು ಅಂತ ಲೆಕ್ಕ. ಅದನ್ನು ನನಗೆ ಕಲಿಸಿದ್ದು ದೊಡ್ಡಮಾವ ರಾಜಶೇಖರ್, ವಿಶಾಲತ್ತೆಯ ಗಂಡ. ಮಾತು ಕಡಿಮೆಯ ಮನುಷ್ಯ. ನಾನು ಹೋದಾಗೆಲ್ಲ ಒಂದು ಚೂರು ಕೊಬ್ಬರಿ, ಒಂದು ಉಂಡೆ ಬೆಲ್ಲ ಅಂಗೈಗೆ ಇಟ್ಟು, ಮತ್ತೆ ಗಿರಾಕಿಗಳ ಕಡೆ ತಿರುಗುತ್ತಿದ್ದರು. ಚಿಕ್ಕಮಾವ ನಟರಾಜ್ ಸ್ಕೂಟರಿನ ಮುಂದೆ ನನ್ನನ್ನು ನಿಲ್ಲಿಸಿಕೊಂಡು ರೈಲು ತೋರಿಸಲು ಸ್ಟೇಷನ್ನಿಗೆ ಕರೆದೊಯ್ಯುತ್ತಿದ್ದರು. ದೊಡ್ಡಮಾವನ ಮಗ ಶಶಿಧರ್ ನನಗಿಂತ ಹನ್ನೆರಡು ವರ್ಷಕ್ಕೆ ದೊಡ್ಡವನು. ಶಶಿ ಭಾವ ಅಂತ ಕರೆಯುತ್ತಿದ್ದೆ. ಅಟ್ಟಕ್ಕೆ ಹತ್ತಿಸಿ ಏಣಿ ತೆಗೆದುಬಿಡುವುದು ಅವನ ಆಟ.

ಅಮ್ಮನಿಗೂ ವಿಶಾಲತ್ತೆಗೂ ಐದೇ ವರ್ಷದ ಅಂತರ. ಅತ್ತೆ ಸೊಸೆಯಾಗಿ ಬಂದಾಗ ಅಮ್ಮ ಇನ್ನೂ ಹೈಸ್ಕೂಲು ಹುಡುಗಿ. ಅತ್ತಿಗೆ ನಾದಿನಿ ಅನ್ನುವುದಕ್ಕಿಂತ ಇಬ್ಬರೂ ಒಂದೇ ಕ್ಲಾಸಿನ ಗೆಳತಿಯರ ಹಾಗಿದ್ದರು. ಬೆಳಿಗ್ಗೆ ಬಿಸಿಲೇರುವ ಮುಂಚೆ ತಾರಸಿಯ ಮೇಲೆ ಹಳೇ ಪಂಚೆ ಹಾಸಿ ಅಕ್ಕಿ ಸಂಡಿಗೆ ಇಡುತ್ತ ಕೂತರೆ ಅವರ ಮಾತಿಗೆ ಕೊನೆಯಿರಲಿಲ್ಲ. ಅಮ್ಮ ಮಾದಿಹಳ್ಳಿಯಲ್ಲಿ ಹಾಗೆ ನಕ್ಕದ್ದನ್ನು ನಾನು ಕಂಡಿಲ್ಲ. ಪ್ರತಿ ರಜೆಯಲ್ಲೂ ಒಂದು ದಿನ ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಎಲ್ಲರೂ ಹಳೇಬೀಡಿಗೆ ಹೋಗುತ್ತಿದ್ದೆವು. ದೇವಸ್ಥಾನದ ಗೋಡೆಯ ಬುಡದಲ್ಲಿ ಸಾಲಾಗಿ ಕೆತ್ತಿರುವ ಆನೆಗಳನ್ನು ಎಣಿಸುವ ಹುಚ್ಚು ಅಮ್ಮನಿಗೆ. ಪ್ರತಿ ಸಲ ಎಲ್ಲೋ ಒಂದು ಮೂಲೆಯಲ್ಲಿ ಲೆಕ್ಕ ತಪ್ಪುತ್ತಿತ್ತು. ಅತ್ತೆ ಬೇಕೆಂದೇ ಪಕ್ಕದಲ್ಲಿ ನಿಂತು ಬೇರೆ ಸಂಖ್ಯೆ ಹೇಳುತ್ತಿದ್ದರು. ಆಮೇಲೆ ಕೆರೆಯ ಕಡೆ ಮುಖ ಮಾಡಿ ಹುಲ್ಲಿನ ಮೇಲೆ ಕೂತು ಊಟ. ಅಂಥ ದಿನಗಳು ಎಷ್ಟಿದ್ದವೋ ಲೆಕ್ಕ ಇಟ್ಟವರಿಲ್ಲ. ನನಗಂತೂ ಈಗ ಅವೆಲ್ಲ ಸೇರಿ ಒಂದೇ ದೊಡ್ಡ ಮಧ್ಯಾಹ್ನದ ಹಾಗೆ ನೆನಪಾಗುತ್ತವೆ.

ನಾನು ಐದನೇ ಕ್ಲಾಸಿನಲ್ಲಿದ್ದಾಗ ದೊಡ್ಡಮಾವನಿಗೆ ಕಾಯಿಲೆಯಾಯಿತು. ಕರುಳಿನ ಕ್ಯಾನ್ಸರ್. ಗೊತ್ತಾಗುವಷ್ಟರಲ್ಲಿ ಲಿವರಿಗೂ ಹರಡಿತ್ತು. ಐವತ್ತು ತುಂಬಿದ ವರ್ಷವೇ ತೀರಿಕೊಂಡರು. ಅದರ ಮುಂದಿನ ವರ್ಷ ಅಮ್ಮ. ಅವಳಿಗೆ ಗರ್ಭಕೋಶದಲ್ಲಿ. ನಲವತ್ತೊಂದು ವಯಸ್ಸು. ಆಗ ನನಗೆ ಹನ್ನೆರಡು.

ಅಮ್ಮನ ಶಿವಗಣಾರಾಧನೆಯ ದಿನ ನಮ್ಮ ಮನೆಯ ಅಂಗಳದಲ್ಲಿ ದೊಡ್ಡ ಜಗಳವಾಯಿತು. ಅಪ್ಪನ ತಾಯಿ, ರೋಗದ ಮನೆಯ ಹೆಣ್ಣನ್ನು ವಿಷಯ ಮುಚ್ಚಿಟ್ಟು ನಮ್ಮ ಹುಡುಗನಿಗೆ ಕಟ್ಟಿದಿರಿ ಅಂದರು. ಅರಸೀಕೆರೆಯ ಅಜ್ಜಿ, ಮಕ್ಕಳಾಗಲಿಲ್ಲ ಅಂತ ಏಳು ವರ್ಷ ನೀವು ಅರೆದದ್ದೇ ಅವಳಿಗೆ ರೋಗವಾಯಿತು ಅಂದರು. ತವರಿನವರು ಊಟಕ್ಕೆ ಕೂರದೆ ಎದ್ದು ಹೊರಟರು. ಎಲ್ಲರೂ ಟೆಂಪೋ ಹತ್ತಿದ ಮೇಲೂ ವಿಶಾಲತ್ತೆ ಒಳಗೆ ಬಂದು, ನನ್ನನ್ನು ಮುಂದೆ ಕೂರಿಸಿಕೊಂಡು, ತಲೆ ಬಾಚಿ ಎರಡು ಜಡೆ ಹಾಕಿದರು. ಹೊರಗಿಂದ ಯಾರೋ ಕೂಗಿದರು, ಎದ್ದು ಹೋದರು.

ಆಮೇಲೆ ಹದಿನೆಂಟು ವರ್ಷ ನಾನು ಅವರ ಮುಖ ನೋಡಲಿಲ್ಲ. ಹಾಸನದಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಎ. ಮಾಡಿದೆ. ಹಳೇಬೀಡಿನ ಚನ್ನೇಶ್ ಜೊತೆ ಮದುವೆಯಾಯಿತು. ಬಸ್ ಸ್ಟ್ಯಾಂಡ್ ಹತ್ತಿರ ಅವರದು ಜೆರಾಕ್ಸ್ ಮತ್ತು ನೋಟ್‌ಬುಕ್ ಅಂಗಡಿ. ನಾನು ಹೆಂಗಸರ ಹಾಲಿನ ಡೈರಿಯಲ್ಲಿ ಕಾರ್ಯದರ್ಶಿಯಾದೆ. ಮಗಳು ಹುಟ್ಟಿದಳು. ಮದುವೆಗೆ ಅರಸೀಕೆರೆಯವರನ್ನು ಕರೆದಿರಲಿಲ್ಲ. ಅಮ್ಮ ಯಾವುದರಿಂದ ತೀರಿಕೊಂಡಳು ಅಂತ ಗಂಡನ ಮನೆಯವರು ಕೇಳಿದಾಗ ಅಪ್ಪ ಜ್ವರ ಅಂದಿದ್ದರು. ನಾನೂ ಅದನ್ನೇ ಹೇಳಿಕೊಂಡು ಬಂದಿದ್ದೆ.

ಕೊರೊನಾ ಇಳಿದ ವರ್ಷ ಅರಸೀಕೆರೆಯಲ್ಲಿ ಚಿಕ್ಕಮಾವ ನಟರಾಜ್‌ಗೂ ಅದೇ ಕರುಳಿನ ಕಾಯಿಲೆ ಕಾಣಿಸಿತು. ಅವರ ಪುಣ್ಯಕ್ಕೆ ಬೇಗ ಗೊತ್ತಾಯಿತು. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಆಯಿತು. ಅಣ್ಣನಿಗೂ ಇದೇ ಆಗಿತ್ತು ಅಂತ ಅವರು ಬಾಯಿ ತಪ್ಪಿ ಹೇಳಿದ್ದನ್ನು ಅಲ್ಲಿನ ವೈದ್ಯರು ಹಿಡಿದುಕೊಂಡು, ವಂಶದಲ್ಲಿ ಇಳಿದು ಬರುವ ಕ್ಯಾನ್ಸರ್ ಬಗ್ಗೆ ಸಂಶೋಧನೆ ಮಾಡುತ್ತಿದ್ದ ವಿಭಾಗಕ್ಕೆ ಕಳಿಸಿದರು. ರಕ್ತ ಪರೀಕ್ಷೆಯಲ್ಲಿ ಲಿಂಚ್ ಸಿಂಡ್ರೋಮ್ ಅಂತ ಬಂತು. ನಮ್ಮ ಮೈಯ ಜೀವಕೋಶಗಳು ದಿನಾ ಹೊಸದಾಗುವಾಗ ಸಣ್ಣಪುಟ್ಟ ತಪ್ಪುಗಳಾಗುತ್ತವಂತೆ, ಅವನ್ನು ತಿದ್ದಲು ಕೆಲವು ಜೀನ್‌ಗಳಿವೆಯಂತೆ. ಅಂಥ ಒಂದು ಜೀನ್ ಹುಟ್ಟಿನಿಂದಲೇ ಕೆಟ್ಟಿದ್ದರೆ ಕರುಳು, ಗರ್ಭಕೋಶಗಳಲ್ಲಿ ಚಿಕ್ಕ ವಯಸ್ಸಿಗೇ ಕ್ಯಾನ್ಸರ್ ಆಗಬಹುದು. ತಂದೆಗೋ ತಾಯಿಗೋ ಅದಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಮೊದಲೇ ತಿಳಿದರೆ ಕಾದು ನೋಡಿಕೊಂಡು ತಡೆಯಲು ದಾರಿಯಿದೆ.

ಆ ಸಂಶೋಧನೆಯ ಹುಡುಗಿ ಮೇಘಶ್ರೀ ಶ್ರಾವಣದ ಒಂದು ಶನಿವಾರ ಅರಸೀಕೆರೆಗೆ ಬಂದರು. ಅವತ್ತು ನಡೆದದ್ದನ್ನು ಅವರೂ ಅತ್ತೆಯೂ ಬೇರೆ ಬೇರೆಯಾಗಿ ನನಗೆ ಹೇಳಿದ್ದಾರೆ. ಹಜಾರದಲ್ಲಿ ದೊಡ್ಡ ಹಾಳೆ ಹರಡಿಕೊಂಡು, ಗಂಡಸರಿಗೆ ಚೌಕ, ಹೆಂಗಸರಿಗೆ ಸೊನ್ನೆ ಬರೆಯುತ್ತ, ಮೇಘಶ್ರೀ ಒಬ್ಬೊಬ್ಬರ ಬಗ್ಗೆ ಕೇಳತೊಡಗಿದರು. ತಾತ ನಂಜಪ್ಪನವರು ಹೇಗೆ ತೀರಿಕೊಂಡರು ಅಂದಾಗ ನಟರಾಜ್ ಮಾವ, ಹೊಟ್ಟೆನೋವು ಅಂದರು, ತಾನಾಗ ಚಿಕ್ಕವನು ಅಂದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ವಿಶಾಲತ್ತೆ ಹಜಾರಕ್ಕೆ ಬಂದು ನೆಲದ ಮೇಲೆ ಕೂತರು.

"ಬರೀ ನೋವಲ್ಲ ಕಣಮ್ಮ. ರಕ್ತ ಹೋಗ್ತಿತ್ತು. ಐದು ತಿಂಗ್ಳು ಅವ್ರ ಪಂಚೆ ಒಗ್ದೋಳು ನಾನು. ಯಾರ್ಗೂ ಹೇಳ್ಬ್ಯಾಡವ್ವಾ ಅಂತ ನಮ್ಮ ಮಾವನೋರು ಕೈ ಮುಗ್ದಿದ್ರು. ಹೇಳಿರ್ಲಿಲ್ಲ."

ನಲವತ್ತಮೂರು ವರ್ಷ ಆ ಮಾತನ್ನು ಅವರು ಗಂಡನಿಗೂ ಹೇಳಿರಲಿಲ್ಲ. ನಟರಾಜ್ ಮಾವ ತಲೆ ತಗ್ಗಿಸಿ ಕೂತರಂತೆ. ವಯಸ್ಸೆಷ್ಟಿತ್ತು ಅಂತ ಮೇಘಶ್ರೀ ಕೇಳಿದರು. ಜಾತಕ ಇಲ್ಲ, ಸರ್ಟಿಫಿಕೇಟ್ ಇಲ್ಲ. ಅತ್ತೆ ಬೆರಳು ಮಡಚಿ ಲೆಕ್ಕ ಹಾಕಿ, ಮಾವನವರು ತಮ್ಮ ತಂದೆಗಿಂತ ಒಂದು ವರ್ಷಕ್ಕೆ ದೊಡ್ಡವರು, ತಂದೆಗೆ ಆ ವರ್ಷ ನಲವತ್ತೆಂಟು, ಹಾಗಾಗಿ ನಲವತ್ತೊಂಬತ್ತು ಅಂದರು. ತಿಪಟೂರಿಗೆ ಕೊಟ್ಟಿದ್ದ ಮಾವನವರ ಅಕ್ಕನ ವಿಷಯ ಅವರಾಗಿಯೇ ತೆಗೆದರು. ಆಕೆ ಅತ್ತೆಯ ಬಾಣಂತನಕ್ಕೆ ಸಹಾಯ ಮಾಡಲು ಬಂದಿದ್ದಾಗ ಬಚ್ಚಲಲ್ಲಿ ಬಟ್ಟೆ ತೊಳೆದು ಬಚ್ಚಿಡುತ್ತಿದ್ದುದನ್ನು ಅತ್ತೆ ಕಂಡಿದ್ದರು. ಮುಟ್ಟು ನಿಂತು ಮೂರು ವರ್ಷವಾಗಿದ್ದ ಹೆಂಗಸು. ಮುಂದಿನ ಯುಗಾದಿ ಹೊತ್ತಿಗೆ ಆಕೆ ಇರಲಿಲ್ಲ. ಮೇಘಶ್ರೀ ಒಂದೊಂದೇ ಚೌಕವನ್ನು, ಸೊನ್ನೆಯನ್ನು ಪೆನ್ನಿನಿಂದ ತುಂಬುತ್ತ ಹೋದರು.

ಅತ್ತೆ ಕಾಯಿಲೆಯ ಮಾತಿಗೆ ನಿಲ್ಲಲಿಲ್ಲ. ನಂಜಪ್ಪನವರು ರಾಗಿಮುದ್ದೆಗೆ ಹುಳಿಸೊಪ್ಪಿನ ಸಾರೇ ಆಗಬೇಕು ಅನ್ನುತ್ತಿದ್ದುದು, ತಿಪಟೂರಿನಾಕೆ ರಾಗವಾಗಿ ವಚನ ಹೇಳುತ್ತಿದ್ದುದು, ಗಂಡ ರಾಜಶೇಖರ್ ಮದುವೆಯಾದ ಹೊಸದರಲ್ಲಿ ಜೇನುಕಲ್ಲು ಬೆಟ್ಟಕ್ಕೆ ಹುಣ್ಣಿಮೆಗೆ ಕರೆದೊಯ್ದು, ಮೆಟ್ಟಿಲು ಹತ್ತುವಾಗ ಯಾರೂ ನೋಡದ ಕಡೆ ಮಾತ್ರ ಕೈ ಹಿಡಿಯುತ್ತಿದ್ದುದು. ಇದೆಲ್ಲ ಹಾಳೆಯ ಮೇಲೆ ಬರೆಯುವಂಥದ್ದಲ್ಲ. ಆದರೂ ತಾನು ಪೆನ್ನು ಕೆಳಗಿಟ್ಟು ಕೇಳುತ್ತ ಕೂತೆ ಅಂತ ಮೇಘಶ್ರೀ ನನಗೆ ಹೇಳಿದರು.

ಕೊನೆಗೆ ಅಮ್ಮನ ಸೊನ್ನೆಯ ಹತ್ತಿರ ಬಂದರು. ಮಕ್ಕಳೆಷ್ಟು ಅಂದರೆ ಯಾರೂ ಬಾಯಿ ಬಿಡಲಿಲ್ಲ. ಹಳೇ ಜಗಳ ಎಲ್ಲರಿಗೂ ನೆನಪಿತ್ತು. ಒಬ್ಬಳು ಮಗಳಿದ್ದಾಳೆ, ಈಗ ಮೂವತ್ತು ವರ್ಷವಿರಬೇಕು ಅಂತ ಅತ್ತೆಯೇ ಹೇಳಿದರು. ಆ ಹುಡುಗಿಗೂ ಅರ್ಧಕ್ಕರ್ಧವಾ ಅಂತ ಎರಡು ಸಲ ಕೇಳಿದರು. ಹೌದು ಅಂದರು ಮೇಘಶ್ರೀ. ಸಂಶೋಧನೆಯವರು ತಾವಾಗಿಯೇ ಹೋಗಿ ಅವಳನ್ನು ಹುಡುಕುವ ಹಾಗಿಲ್ಲ, ಮನೆಯವರು ಯಾರಾದರೂ ವಿಷಯ ತಿಳಿಸಬೇಕು, ಅವಳಿಗೆ ಇಷ್ಟವಿದ್ದರೆ ಮಾತ್ರ ಮುಂದಿನದು ಅಂತಲೂ ಹೇಳಿದರು.

ಒಂದು ವಾರದ ಮೇಲೆ ಅತ್ತೆ ಬಸ್ಸು ಬದಲಿಸಿಕೊಂಡು ಮಾದಿಹಳ್ಳಿಗೆ ಹೋದರು. ಅರವತ್ತನಾಲ್ಕು ವರ್ಷದವರು, ಒಬ್ಬರೇ. ಅಪ್ಪ ಹಿತ್ತಿಲಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದರಂತೆ. ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಕೈ ತೊಳೆದುಕೊಂಡು ಬಂದು, ಬಾರಮ್ಮ, ಕೂತ್ಕೊ ಅಂದರು. ಜಗಳವಾಡಿದ್ದ ಅಜ್ಜಿಯರಿಬ್ಬರೂ ತೀರಿಹೋಗಿದ್ದರು. ಉಳಿದವರಿಗೆ ಆ ಜಗಳವನ್ನು ಮುಂದುವರಿಸುವ ಮನಸ್ಸೂ ಇರಲಿಲ್ಲ, ಮುಗಿಸುವುದು ಹೇಗೆ ಅಂತಲೂ ಗೊತ್ತಿರಲಿಲ್ಲ. ಅತ್ತೆ ವಿಷಯ ಹೇಳಿದರು. ಅಪ್ಪ ಎಲ್ಲ ಕೇಳಿಸಿಕೊಂಡು, ಟಿವಿಎಸ್ ತೆಗೆದು ಅವರನ್ನು ಹಿಂದೆ ಕೂರಿಸಿಕೊಂಡು ಹಳೇಬೀಡಿಗೆ ಕರೆತಂದರು.

ನಾನು ಆಗಷ್ಟೇ ಡೈರಿಯಿಂದ ಬಂದಿದ್ದೆ. ಬಾಗಿಲಲ್ಲಿ ಅಪ್ಪನ ಹಿಂದೆ ಒಬ್ಬ ಸಣಕಲು ಹೆಂಗಸು ನಿಂತಿದ್ದರು. ತಲೆ ಪೂರ್ತಿ ಬೆಳ್ಳಗೆ. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ. ಅವರು ನನ್ನ ತಲೆಯ ಮೇಲೆ ಕೈಯಿಟ್ಟರು. ಆ ಕೈಯಿಂದಲೇ ನನಗೆ ಗುರುತು ಸಿಕ್ಕಿತು.

ಅಪ್ಪ ಅಂಗಡಿಯ ಕಡೆ ಹೋದರು. ಅತ್ತೆ ಮೇಘಶ್ರೀ ಕೊಟ್ಟಿದ್ದ ಕಾಗದವನ್ನು ಚೀಲದಿಂದ ತೆಗೆದು, ತಮಗೆ ತಿಳಿದಷ್ಟನ್ನು ಸಮಾಧಾನವಾಗಿ ಹೇಳಿದರು. ನನಗೆ ಮೊದಲು ಬಂದದ್ದು ಹೆದರಿಕೆಯಲ್ಲ, ಸಿಟ್ಟು. ಹದಿನೆಂಟು ವರ್ಷ ಒಂದು ಸಲವೂ ಬರದವರು ಈಗ ಈ ಸುದ್ದಿ ಹೊತ್ತು ಬಂದಿರಾ ಅಂದೆ. ಗಂಡನ ಮನೆಯವರಿಗೆ ನಾನು ಏನು ಹೇಳಲಿ, ಅಮ್ಮನಿಗೆ ಅಂದ ಮಾತನ್ನೇ ನನಗೂ ಅನ್ನುವುದಿಲ್ಲವಾ ಅಂದೆ. ಅತ್ತೆ ಎಲ್ಲಕ್ಕೂ ತಲೆಯಾಡಿಸುತ್ತಿದ್ದರು. ಆಮೇಲೆ ಹೇಳಿದರು:

"ಜಗ್ಳ ಆಗೈತೆ ಅಂತ ಬರ್ದೆ ಇದ್ದೋಳಲ್ಲ ನಾನು. ನಿನ್ನ ಮುಖ ನೋಡೋಕೆ ಧೈರ್ಯ ಇರ್ಲಿಲ್ಲ. ನಿಮ್ಮವ್ವಂಗೆ ಮೊದ್ಲು ರಕ್ತ ಕಾಣಿಸ್ದಾಗ ಫೋನ್ ಮಾಡಿದ್ದು ನಂಗೇ ಕಣೆ. ನಿಮ್ಮ ಮಾವ ಹಾಸ್ಗೆ ಮೇಲಿದ್ರು. ಮುಟ್ಟು ನಿಲ್ಲೋ ಕಾಲ್ದಾಗೆ ಎಲ್ರಿಗೂ ಹಂಗೇ, ಸುಮ್ನಿರು ಅಂದ್ಬಿಟ್ಟೆ. ಅವ್ಳು ಸುಮ್ನೇ ಇದ್ಲು. ಒಂದು ವರ್ಷ ಸುಮ್ನೇ ಇದ್ಲು."

ನಾನು ಎದ್ದು ಅಡುಗೆಮನೆಗೆ ಹೋಗಿ ಒಲೆ ಹಚ್ಚಿದೆ. ಅಮ್ಮ ಆ ಫೋನ್ ಮಾಡಿದ್ದು ನನಗೂ ಗೊತ್ತಿತ್ತು. ಮಾದಿಹಳ್ಳಿಯ ಅಂಗಡಿಯೊಂದರ ಫೋನ್ ಅದು. ನಾನು ಹೊರಗೆ ನಿಂತು ಬಟಾಣಿ ತಿನ್ನುತ್ತಿದ್ದೆ. ಅಮ್ಮ ಹೊರಗೆ ಬರುವಾಗ ಸಮಾಧಾನವಾಗಿದ್ದಳು, ದಾರಿಯಲ್ಲಿ ಗುನುಗುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಆ ಮಾತೇ ಇರಬೇಕು. ಆ ಹೊತ್ತಿನಲ್ಲಿ ಅತ್ತೆಯ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆನೇನೋ. ಇದನ್ನು ಬಾಯಿಬಿಟ್ಟು ಹೇಳಲು ನನಗೆ ಆಗಲಿಲ್ಲ. ಎರಡು ತಟ್ಟೆ ಹಾಕಿ, ಬನ್ನಿ ಅತ್ತೆ, ಊಟ ಮಾಡೋಣ ಅಂದೆ.

ಊಟದ ಮೇಲೆ ನಾನು ಅವರನ್ನು ಒಂದು ಕೇಳಿದೆ. ಅಮ್ಮನ ದನಿ ನನಗೆ ಮರೆತುಹೋಗಿತ್ತು. ಮುಖ ನೆನಪಿದೆ, ಫೋಟೋ ಇದೆ. ದನಿ ಮಾತ್ರ ಎಷ್ಟು ಪ್ರಯತ್ನಪಟ್ಟರೂ ಸಿಗುತ್ತಿರಲಿಲ್ಲ. ಹೇಗಿತ್ತು ಅಂದೆ. ಅತ್ತೆ, ಅಮ್ಮ ತಾರಸಿಯಿಂದ ಅಡುಗೆಮನೆಗೆ ಕೇಳುವಂತೆ ಕೂಗುತ್ತಿದ್ದ ಹಾಗೆ, ಮೂಗಿನಿಂದ ಕೊಂಚ ಎಳೆದು, "ಅತ್ಗೇ, ಹಿಟ್ಟು ಸಾಲ್ದು" ಅಂದರು. ಅಷ್ಟೇ ಸಾಕಾಯಿತು. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ತಿಳಿಯಲಿಲ್ಲ. ಸಂಜೆಯವರೆಗೂ ಅವರು ಅಮ್ಮನ ಮಾತೇ ಹೇಳುತ್ತ ಕೂತಿದ್ದರು. ಅಮ್ಮ ಹೈಸ್ಕೂಲಿನಲ್ಲಿ ಖೋ ಖೋ ಆಡುತ್ತಿದ್ದಳೆಂದು ನನಗೆ ಯಾರೂ ಹೇಳಿರಲಿಲ್ಲ.

ಚನ್ನೇಶ್‌ಗೆ ಅವತ್ತೇ ಎಲ್ಲ ಹೇಳಿದೆ. ಅಮ್ಮನಿಗೆ ಬಂದದ್ದು ಜ್ವರವಲ್ಲ ಅನ್ನುವುದನ್ನೂ ಹೇಳಿದೆ. ಅವರು, "ಮೊದ್ಲೇ ಹೇಳ್ಬಹುದಿತ್ತು," ಅಂದರು. ಆಮೇಲೆ, "ಸೋಮವಾರ ಬೆಂಗಳೂರಿಗೆ ಹೋಗಿ ರಕ್ತ ಕೊಟ್ಟು ಬರೋಣ. ಡೈರಿಗೆ ರಜೆ ಹಾಕು," ಅಂದರು. ಮನೆಯಲ್ಲಿ ತಾವೇ ತಾಯಿಗೆ ತಿಳಿಸಿದರು. ಅವರ ತಾಯಿ ನಾಲ್ಕು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಐದನೆಯ ದಿನ, ಮಗುವಿಗೂ ಬರುತ್ತಾ ಅಂತ ಕೇಳಿದರು. ಗೊತ್ತಿಲ್ಲ, ಅವಳು ದೊಡ್ಡವಳಾದ ಮೇಲೆ ಅವಳೇ ತೀರ್ಮಾನ ಮಾಡಿ ಪರೀಕ್ಷೆ ಮಾಡಿಸಿಕೊಳ್ಳಬೇಕಂತೆ ಅಂದೆ. ಅದೂ ಸರಿ ಅಂದರು. ನಾನು ಇಷ್ಟು ದಿನ ಹೆದರಿದ್ದ ಜಗಳ ಆಗಲೇ ಇಲ್ಲ.

ಒಂದೂವರೆ ತಿಂಗಳಿಗೆ ಫಲಿತಾಂಶ ಬಂತು. ನನಗೆ ಇತ್ತು. ಮೇಘಶ್ರೀ ಅದನ್ನು ಫೋನಿನಲ್ಲಿ ಹೇಳದೆ, ಎದುರಿಗೆ ಕೂರಿಸಿಕೊಂಡು ಹೇಳಿದರು. ಇದು ಕಾಯಿಲೆಯಲ್ಲ, ಕಾಯಿಲೆ ಬರುವ ಸಾಧ್ಯತೆ ಜಾಸ್ತಿ ಅಂತ ಮಾತ್ರ ಅಂದರು. ಅದೇ ತಿಂಗಳು ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡಿದಾಗ ಎರಡು ಸಣ್ಣ ಗಂಟು ಕಂಡವು. ಅಲ್ಲೇ ತೆಗೆದರು. ಅವುಗಳಲ್ಲಿ ಒಂದು ಇನ್ನು ಕೆಲವು ವರ್ಷ ಬಿಟ್ಟಿದ್ದರೆ ಕ್ಯಾನ್ಸರ್ ಆಗುವಂಥದ್ದು ಅಂತ ವೈದ್ಯರು ಹೇಳಿದರು. ಈಗ ವರ್ಷಕ್ಕೊಮ್ಮೆ ಹೋಗಿ ನೋಡಿಸಿಕೊಂಡು ಬರುತ್ತೇನೆ. ಗರ್ಭಕೋಶದ ವಿಷಯ ಮುಂದೆ ತೀರ್ಮಾನ ಮಾಡಬೇಕು.

ಅತ್ತೆ ಅಷ್ಟರಲ್ಲಿ ತಿಪಟೂರಿನ ಕವಲಿನ ಮನೆಗಳಿಗೂ ಹೋಗಿ ಬಂದಿದ್ದರು. ನಟರಾಜ್ ಮಾವನ ಮಕ್ಕಳನ್ನು ಪರೀಕ್ಷೆಗೆ ಒಪ್ಪಿಸಿದ್ದರು. ಒಂದು ಮಾತ್ರ ನನಗೆ ತಡವಾಗಿ ಹೊಳೆಯಿತು. ಶಶಿ ಭಾವನ ಹೆಸರು ಎಲ್ಲೂ ಬರುತ್ತಿರಲಿಲ್ಲ. ಅವನಿಗೇ ಫೋನ್ ಮಾಡಿ ಕೇಳಿದೆ. ತಾನು ಪರೀಕ್ಷೆಯ ಮಾತು ಎತ್ತಿದಾಗೆಲ್ಲ ತನ್ನಮ್ಮ ಬೇರೆ ಕೆಲಸ ಹೇಳಿ ಕಳಿಸುತ್ತಾರೆ, ಅವರು ಬೇಡ ಅನ್ನುವುದಿಲ್ಲ, ಹೋಗು ಅಂತಲೂ ಅನ್ನುವುದಿಲ್ಲ, ಅವರನ್ನು ಮೀರಿ ಹೋಗಲು ತನಗೆ ಮನಸ್ಸಿಲ್ಲ ಅಂದ.

ಹಾಗಾಗಿ ನಾನು ಅರಸೀಕೆರೆಗೆ ಹೋದೆ. ಆ ಮನೆಗೆ ಕಾಲಿಟ್ಟು ಹದಿನೆಂಟು ವರ್ಷಕ್ಕೂ ಮೇಲಾಗಿತ್ತು. ವ್ಯಾಪಾರ ಮಾರುಕಟ್ಟೆ ಯಾರ್ಡಿಗೆ ಹೋಗಿತ್ತು. ಮುಂದಿನ ಮಂಡಿಯಲ್ಲಿ ಈಗ ಶಶಿ ಭಾವನ ಮಕ್ಕಳ ಸೈಕಲ್‌ಗಳು. ಅಟ್ಟದ ಏಣಿ ಅದೇ. ಮೂಗಿಗೆ ಮಾತ್ರ ಕೊಬ್ಬರಿಯ ವಾಸನೆ ಇನ್ನೂ ಹೊಡೆಯುತ್ತಿತ್ತು, ಗೋಡೆಗೇ ಹತ್ತಿಕೊಂಡಿದೆಯೋ ಏನೋ. ಅತ್ತೆ ಕಾಯಿಹೋಳಿಗೆ ಮಾಡುತ್ತಿದ್ದರು. ಪಕ್ಕದಲ್ಲಿ ಕೂತು ಕಣಕ ಕೊಡುತ್ತ, ಶಶಿ ಭಾವನಿಗೆ ಯಾಕೆ ಮಾಡಿಸಿಲ್ಲ ಅಂತ ನೇರವಾಗಿ ಕೇಳಿದೆ.

ಅತ್ತೆ ಹೋಳಿಗೆ ತಿರುವಿ ಹಾಕಿ, ಬೆಂದದ್ದನ್ನು ತೆಗೆದು, ಇನ್ನೊಂದು ತಟ್ಟಿದರು.

"ಮಾವನೋರ್ದು ನೋಡ್ದೆ, ನಿಮ್ಮ ಮಾವಂದು ನೋಡ್ದೆ. ಇವ್ನೂ ನಿಲ್ಲೋದು, ಕೂರೋದು ಎಲ್ಲಾ ಅವ್ರಂಗೇ. ಐತೆ ಅಂದ್ಬಿಟ್ರೆ ನಂಗೆ ತಡ್ಯೋ ಶಕ್ತಿ ಇಲ್ಲ ಕಣೆ."

ಊರೂರು ತಿರುಗಿ ಬೇರೆಯವರ ಮಕ್ಕಳಿಗೆ ಧೈರ್ಯ ಹೇಳಿದವರು. ನಾನು ಬುದ್ಧಿ ಹೇಳಲು ಹೋಗಲಿಲ್ಲ. ನನಗೆ ಇದೆ, ಗಂಟು ತೆಗೆದರು, ಇಲ್ಲಿ ಕೂತು ನಿಮ್ಮ ಜೊತೆ ಹೋಳಿಗೆ ಮಾಡುತ್ತಿದ್ದೇನೆ ಅಂದೆ ಅಷ್ಟೆ. ಅವರು ಹೋಳಿಗೆಗಳನ್ನು ಒಂದೊಂದೇ ಡಬ್ಬಿಗೆ ಜೋಡಿಸಿದರು. ಹೊರಡುವಾಗ ಡಬ್ಬಿ ಕೈಗಿಟ್ಟು, ಮೇಘಶ್ರೀಗೆ ಫೋನ್ ಮಾಡಿ ಇವನಿಗೂ ಒಂದು ದಿನ ಗೊತ್ತು ಮಾಡಿಸು ಅಂದರು.

ಶಶಿ ಭಾವನ ರಕ್ತ ಹೋಗಿ ತಿಂಗಳ ಮೇಲೆ ತಿಂಗಳಾಯಿತು. ಅತ್ತೆಯ ಫೋನಿಲ್ಲ. ನಾನು ಮಾಡಿದರೆ ಮಗುವಿನ ವಿಷಯ, ಮಳೆಯ ವಿಷಯ ಮಾತಾಡಿ ಇಟ್ಟುಬಿಡುತ್ತಿದ್ದರು. ಕೆಟ್ಟದ್ದೇ ಬಂದಿರಬೇಕು ಅಂದುಕೊಂಡೆ. ಕೊನೆಗೆ ಶಶಿ ಭಾವನೇ ಹೇಳಿದ. ಅವನಿಗೆ ಇರಲಿಲ್ಲ. ಗೊತ್ತಾಗಿ ಇಪ್ಪತ್ತು ದಿನವಾಗಿತ್ತು. ಅತ್ತೆಗೆ ಫೋನ್ ಮಾಡಿ ಯಾಕೆ ಹೇಳಲಿಲ್ಲ ಅಂದೆ.

"ನಿಂಗೆ ಐತೆ, ನನ್ನ ಮಗಂಗಿಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ," ಅಂದರು.

ಸುಳ್ಳು ಹೇಳುವುದಿಲ್ಲ, ಒಂದು ಕ್ಷಣ ನನಗೂ ಹೊಟ್ಟೆಕಿಚ್ಚಾಯಿತು. ಅರ್ಧಕ್ಕರ್ಧದಲ್ಲಿ ಅವನಿಗೆ ಆ ಅರ್ಧ, ನನಗೆ ಈ ಅರ್ಧ. ಆದರೆ ಅದು ನಿಲ್ಲಲಿಲ್ಲ. ಶಶಿ ಭಾವನ ಇಬ್ಬರು ಮಕ್ಕಳಿಗೂ ಇನ್ನು ಆ ಭಯವಿಲ್ಲ ಅನ್ನುವುದು ನೆನಪಾಗಿ ನಿಜವಾಗಿಯೂ ಸಂತೋಷವಾಯಿತು. ಹಾಗೇ ಅಂದೆ. ಈ ಸಲ ಅತ್ತೆ ಬೇಗ ಫೋನ್ ಇಡಲಿಲ್ಲ.

ಈಗ ನಟರಾಜ್ ಮಾವ ಆರೋಗ್ಯವಾಗಿದ್ದಾರೆ. ಅಪ್ಪ ಮತ್ತು ಅವರು ಹಬ್ಬಕ್ಕೆ ಒಬ್ಬರ ಮನೆಗೆ ಒಬ್ಬರು ಹೋಗಿ ಬರುತ್ತಾರೆ. ಹಳೇ ಮಾತನ್ನು ಇಬ್ಬರೂ ಎತ್ತುವುದಿಲ್ಲ. ಮೇಘಶ್ರೀಯವರ ಅಧ್ಯಯನದಲ್ಲಿ ನಮ್ಮ ಮನೆತನಕ್ಕೆ ಹೆಸರಿಲ್ಲ, ಒಂದು ಸಂಖ್ಯೆಯಿದೆ. ಇನ್ನೂ ಹಲವು ಕುಟುಂಬಗಳು ಸೇರಿವೆ.

ಹೋದ ತಿಂಗಳು ಅಂಥ ಒಂದು ಕುಟುಂಬದವರು ಮೇಘಶ್ರೀಯವರನ್ನು ಮನೆಗೆ ಕರೆದಿದ್ದರು. ಅದು ಬೇಲೂರಿನ ಆಚೆಯ ಒಂದು ಹಳ್ಳಿ. ಮೊಮ್ಮಗಳಿಗೆ ಚಿಕಿತ್ಸೆ ನಡೆಯುತ್ತಿದೆ, ಮನೆಯ ಹಿರಿಯಾಕೆ ಮಾತ್ರ ಹಳೆಯದೇನನ್ನೂ ಹೇಳಲು ಒಪ್ಪುತ್ತಿಲ್ಲ. ಆ ಮನೆಯವರೇ, ನಿಮ್ಮ ಕಡೆ ಯಾರಾದರೂ ಹಿರಿಯ ಹೆಂಗಸರಿದ್ದರೆ ಕರೆತನ್ನಿ ಅಂದಿದ್ದರಂತೆ. ಅತ್ತೆ ಒಪ್ಪಿದರು. ಜೊತೆಗೆ ನಾನೂ ಹೋದೆ.

ಆ ಅಜ್ಜಿ ಜಗಲಿಯ ಕಂಬಕ್ಕೆ ಒರಗಿ, ಮುಖ ಬೇರೆ ಕಡೆ ತಿರುಗಿಸಿ ಕೂತಿದ್ದರು. ಮೇಘಶ್ರೀ ಹಾಳೆ ಬಿಚ್ಚಲು ಹೋದಾಗ ಅತ್ತೆ ಬೇಡ ಅಂತ ಸನ್ನೆ ಮಾಡಿದರು. ಅಜ್ಜಿಯ ಎದುರಿಗೆ ಮೊರದಲ್ಲಿ ಬಿಡಿಸದ ಹುರುಳಿಕಾಯಿ ಇತ್ತು. ಅತ್ತೆ ಅದನ್ನು ತಮ್ಮ ಕಡೆ ಎಳೆದುಕೊಂಡು ನಾರು ತೆಗೆಯತೊಡಗಿದರು. ಬಹಳ ಹೊತ್ತು ಇಬ್ಬರೂ ಕಾಯಿ ಬಿಡಿಸಿದರು. ಅತ್ತೆ ಕಾಯಿಲೆಯ ಸುದ್ದಿ ಎತ್ತಲಿಲ್ಲ. ಈ ಮನೆಗೆ ಬಂದಾಗ ನಿಮ್ಗೆ ಎಷ್ಟು ವಯಸ್ಸು, ಯಾರಿದ್ರು ಆಗ ಮನೇಲಿ ಅಂತ ಕೇಳಿದರು.

"ಹದ್ನಾರು," ಅಂದರು ಅಜ್ಜಿ. ಇನ್ನೊಂದು ಕಾಯಿ ಬಿಡಿಸಿ, "ನಮ್ಮತ್ತೆ ಇದ್ರು. ಮೂವರು ನಾದಿನೀರಿದ್ರು. 'ಕೆಂಪಿ' ಅಂತ ಸಣ್ಣೋಳು ಒಬ್ಳಿದ್ಲು. ಭಾಳ ಚೆಂದಾಕೆ ಇದ್ಲು," ಅಂದರು.

ಮೊರದಲ್ಲಿ ಇನ್ನೂ ಅರ್ಧ ಕಾಯಿ ಉಳಿದಿತ್ತು. ಅತ್ತೆ ಕಾಲು ಮಡಚಿ ಸರಿಯಾಗಿ ಕೂತುಕೊಂಡು, "ಹೆಂಗಿದ್ಲು, ಹೇಳಿ," ಅಂದರು.